ಲೋಟದ ಲೆಕ್ಕ

ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಒಂದು ಲೀಟರ್ ಹಿಡಿಯುವ ಸ್ಟೀಲ್ ಚೊಂಬೊಂದು ಕಳೆದ ಹದಿನಾಲ್ಕು ತಿಂಗಳಿಂದ ಒಂದೇ ಜಾಗದಲ್ಲಿ ಕೂತಿದೆ. ಬೆಳಿಗ್ಗೆ ಆರು ಗಂಟೆಗೆ ಅದನ್ನು ತುಂಬಿಸಿಡುತ್ತೇವೆ. ಮರುದಿನ ಬೆಳಿಗ್ಗೆ ಆರರವರೆಗೆ ಅಪ್ಪನ ಪಾಲಿನ ನೀರು ಅಷ್ಟೇ. ಕಾಫಿ, ಮಜ್ಜಿಗೆ, ಸಾರು, ಮಾತ್ರೆ ನುಂಗುವಾಗಿನ ಗುಟುಕು ಎಲ್ಲವೂ ಆ ಒಂದು ಲೀಟರಿನ ಒಳಗೇ ಬರಬೇಕಾದ್ದರಿಂದ, ಅಪ್ಪ ಕಾಫಿ ಕುಡಿದ ಕೂಡಲೇ ಅದೇ ಲೋಟದಲ್ಲಿ ಅಷ್ಟೇ ನೀರನ್ನು ಚೊಂಬಿನಿಂದ ತೆಗೆದು ತುಳಸಿಗೆ ಹಾಕುತ್ತೇವೆ. ಹೀಗೆ ಮಾಡಿದರೆ ಇನ್ನೆಷ್ಟು ಉಳಿಯಿತು ಎಂಬುದು ಕಣ್ಣಿಗೇ ಕಾಣುತ್ತದೆ, ಯಾರೂ ಯಾರಿಗೂ ಹೇಳಬೇಕಾಗುವುದಿಲ್ಲ. ಈ ಉಪಾಯ ಅಮ್ಮನದು. ನಮ್ಮ ಮನೆಯ ತುಳಸಿ ಇಷ್ಟು ಸೊಂಪಾಗಿ ಬೆಳೆದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅಪ್ಪ ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಹಳ್ಳಿಯ ರೈತ. ವರ್ಷವಿಡೀ ಹರಿಯುವ ನದಿಯೆಂಬುದೇ ಇಲ್ಲದ ಜಿಲ್ಲೆ ನಮ್ಮದು. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಪಾಲಾರ್ ನಮ್ಮ ಜಿಲ್ಲೆಯನ್ನು ಹಾದುಹೋಗುತ್ತದೆಯಾದರೂ ಅದರ ಪಾತ್ರದಲ್ಲಿ ನಾವು ನೀರಿಗಿಂತ ಹೆಚ್ಚಾಗಿ ಕಂಡದ್ದು ಮರಳನ್ನು. ಹಿಂದಿನವರು ಕಟ್ಟಿಸಿದ ಕೆರೆಗಳು ಒಂದೊಂದಾಗಿ ಬತ್ತಿದ ಮೇಲೆ ಕೊಳವೆಬಾವಿಯ ಕಾಲ ಬಂತು; ಅಪ್ಪ ತನ್ನ ನಾಲ್ಕು ಎಕರೆಯಲ್ಲಿ ಐದು ಸಲ ಬೋರ್ ಕೊರೆಸಿದ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಕೊರೆಸಿದ ಮೊದಲನೆಯದರಲ್ಲಿ 350 ಅಡಿಗೇ ನೀರು ಚಿಮ್ಮಿತ್ತು. ಕೊನೆಯದು 1,260 ಅಡಿ ಇಳಿದ ಮೇಲೆ ಒಂದೂವರೆ ಇಂಚು ಕೊಟ್ಟಿತು. ನಡುವಿನ ಮೂರರಲ್ಲಿ ಎರಡು ಬರೀ ಧೂಳು ಕೊಟ್ಟು, ಅಮ್ಮನ ಬಳೆಗಳನ್ನು ತೆಗೆದುಕೊಂಡು ಹೋದವು. ಇಂಥ ಮನುಷ್ಯನಿಗೆ ಮೂತ್ರಪಿಂಡದ ವೈದ್ಯರು ದಿನಕ್ಕೆ ಒಂದು ಲೀಟರ್ ದಾಟಬಾರದು ಎಂದು ಹೇಳಿದಾಗ ಅವನು ಏನೂ ಮಾತಾಡಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ, "ಸಾವಿರದ ಇನ್ನೂರರವತ್ತು ಅಡಿಯಿಂದ ನೀರು ಎತ್ತಿದೋನು ಕಣಮ್ಮ ನಾನು, ಈಗ ನನ್ನ ಕೈಗೇ ಲೋಟ ಕೊಟ್ಟವ್ರೆ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಕಾರಣಗಳನ್ನು ಇಲ್ಲಿ ಬರೆದಿಡುವುದು ಒಳ್ಳೆಯದು, ಏಕೆಂದರೆ ಇದನ್ನು ಓದುವವರ ಮನೆಯಲ್ಲಿಯೂ ಇಂಥ ಅಪ್ಪಂದಿರು ಇರಬಹುದು. ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ, ನೋಡಿಸದೆ ಬಿಟ್ಟ ಬಿ.ಪಿ., ಮತ್ತು ಮಂಡಿನೋವಿಗೆಂದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆ. ಮೂತ್ರಪಿಂಡ ಬಹುಪಾಲು ಕೆಡುವವರೆಗೆ ನೋವೆಂಬುದನ್ನೇ ತೋರಿಸುವುದಿಲ್ಲ. ಪಾದ ಊದಿ ಚಪ್ಪಲಿ ಬಿಗಿಯಾದಾಗ ಅಪ್ಪ ಚಪ್ಪಲಿಯ ಅಳತೆ ಬದಲಿಸಿದ. ಆಮೇಲೆ ತೋರಿಸಿದ ಒಂದು ಕಡೆಯಲ್ಲಿ ರಕ್ತ ಪರೀಕ್ಷೆಯನ್ನೇ ಮಾಡಿಸದೆ ಊತ ಇಳಿಯುವ ಮಾತ್ರೆ ಕೊಟ್ಟು ಆರು ತಿಂಗಳು ಕಳೆದರು. ಅವರ ಮೇಲೆ ನನಗೆ ಸಿಟ್ಟಿದೆ, ಆದರೆ ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲಿದೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಹತ್ತನೆಯ ತರಗತಿಯ ಮಕ್ಕಳಿಗೆ ಪ್ರತಿ ವರ್ಷವೂ ಬೋರ್ಡಿನ ಮೇಲೆ ಮೂತ್ರಪಿಂಡದ ಸೋಸುವ ಘಟಕವಾದ ನೆಫ್ರಾನಿನ ಚಿತ್ರ ಬರೆಯುತ್ತೇನೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೆರಡು ಲೀಟರನ್ನು ಮಾತ್ರ ಹೊರಗೆ ಬಿಟ್ಟು ಉಳಿದದ್ದನ್ನೆಲ್ಲ ಹಿಂದಕ್ಕೆ ಹೀರಿಕೊಳ್ಳುತ್ತವೆ ಎಂದು ಹೇಳಿಕೊಡುತ್ತೇನೆ. ಕೃತಕ ಮೂತ್ರಪಿಂಡದ ಚಿತ್ರವನ್ನು ಪರೀಕ್ಷೆಗೆ ಮುಖ್ಯವೆಂದು ಗುರುತು ಹಾಕಿಸುತ್ತೇನೆ. ಆ ವರ್ಷ ಆ ಪಾಠ ಮುಗಿಸಿ ಮನೆಗೆ ಬಂದ ಸಂಜೆಗಳಲ್ಲಿ ನಮ್ಮದೇ ಜಗಲಿಯ ಮೇಲೆ ಊದಿದ ಕಾಲುಗಳನ್ನು ಚಾಚಿಕೊಂಡು ಅಪ್ಪ ಕೂತಿರುತ್ತಿದ್ದ.

ಕಾಯಿಲೆ ಗೊತ್ತಾದ ಮೇಲೆ ನೋಡಲು ಬರುವವರ ಸಾಲು ಶುರುವಾಯಿತು. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ, ಎಳನೀರು ತರುತ್ತಾರೆ. ಅಪ್ಪನ ಹಾಗೆ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಸೋಸುವ ಚಿಕಿತ್ಸೆ, ಮಾಡಿಸಿಕೊಳ್ಳುವವರಿಗೆ ನೇರವಾಗಿ ವಿಷವಾಗಬಲ್ಲ ಪದಾರ್ಥಗಳಲ್ಲಿ ಎಳನೀರಿಗೆ ಮೊದಲ ಸಾಲಿನಲ್ಲಿಯೇ ಜಾಗವಿದೆ. ಅದರಲ್ಲಿರುವ ಪೊಟ್ಯಾಸಿಯಂ ಹೊರಗೆ ಹೋಗುವ ದಾರಿಯಿಲ್ಲದೆ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ಹದ ತಪ್ಪುತ್ತದೆ. ಮೊದಲ ಹದಿನೈದು ದಿನಗಳಲ್ಲಿ ಅಪ್ಪನ ಮಂಚದ ಕೆಳಗೆ ಇಪ್ಪತ್ತಮೂರು ಎಳನೀರು ಸೇರಿದ್ದವು. ತಂದವರ ಮುಖ ನೋಡಿ ಬೇಡವೆನ್ನಲಾಗದೆ, ಅವರು ಹೋದ ಮೇಲೆ ಬೀದಿಯ ಮಕ್ಕಳನ್ನು ಕರೆದು ಕೊಚ್ಚಿ ಕೊಡುತ್ತಿದ್ದೆವು. ಬಾಯಾರಿದ ಮನುಷ್ಯನೊಬ್ಬ ಎಳನೀರಿನ ರಾಶಿಯ ಮೇಲೆ ಮಲಗಿರುವ ದೃಶ್ಯವನ್ನು ನೆನೆದರೆ ಈಗಲೂ ಹೇಗೋ ಆಗುತ್ತದೆ.

ಎಳನೀರಿನ ಜೊತೆಗೆ ಬರುತ್ತಿದ್ದ ಮಾತು ಒಂದೇ: "ಧೈರ್ಯವಾಗಿರಿ, ಪಾಸಿಟಿವ್ ಆಗಿರಿ, ಎಲ್ಲಾ ಸರಿಹೋಗುತ್ತೆ." ಹೇಳಿದವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಆ ಮಾತನ್ನು ಕೇಳಿಸಿಕೊಂಡವನಿಗೆ ಒಂದು ಹೊಸ ಕೆಲಸ ಹುಟ್ಟಿಕೊಳ್ಳುತ್ತದೆ. ಬಂದವರು ಎದ್ದು ಹೋಗುವವರೆಗೆ ಧೈರ್ಯದ ಮುಖವನ್ನು ಹಿಡಿದಿಟ್ಟುಕೊಂಡು ಅವರಿಗೆ ಸಮಾಧಾನ ಹೇಳಬೇಕಾಗುತ್ತದೆ. ಅವರು ಬೀದಿಯ ತಿರುವು ದಾಟಿದ ಮೇಲೆ ಅಪ್ಪ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೊಬೈಲಿಗೆ ಬರುತ್ತಿದ್ದ ಸೊಪ್ಪಿನ ರಸದ ವಿಡಿಯೊಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಡಯಾಲಿಸಿಸ್ ಬಿಡಿಸುತ್ತೇವೆಂದು ಹೇಳುವ ಕಷಾಯಗಳನ್ನು ನಂಬಬೇಡಿ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ ಮತ್ತು ಶುಕ್ರವಾರ, ಬೆಳಗಿನ ಏಳು ಗಂಟೆಯ ಪಾಳಿ ಅಪ್ಪನದು. ಒಂದು ಸಲಕ್ಕೆ ನಾಲ್ಕು ಗಂಟೆ. ಎಂಟು ಹಾಸಿಗೆಗಳ ಆ ಕೋಣೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಒಂದರೊಳಗೊಂದು ಕಲೆತು ಹೋಗುತ್ತವೆ. ಒಳಗೆ ಹೋಗುವ ಮೊದಲು ತೂಕ, ಮುಗಿದ ಮೇಲೆ ಮತ್ತೆ ತೂಕ. ನಡುವಿನ ವ್ಯತ್ಯಾಸವೇ ಎರಡು ದಿನಗಳಲ್ಲಿ ಮೈಯಲ್ಲಿ ನಿಂತಿದ್ದ ನೀರು. ಎರಡನೆಯ ವಾರದಲ್ಲಿ ಅಪ್ಪ ತಂತ್ರಜ್ಞ ಹುಡುಗನನ್ನು, "ಈ ಮಿಷನ್ನು ಎಷ್ಟು ನೀರು ಕುಡಿಯುತ್ತಪ್ಪ?" ಎಂದು ಕೇಳಿದ. ಅವನು ನಿಮಿಷಕ್ಕೆ 500 ಮಿಲಿಲೀಟರ್ ಎಂದ. ನಾಲ್ಕು ಗಂಟೆಗೆ 120 ಲೀಟರ್ ಎಂದು ನಾನು ಲೆಕ್ಕ ಹೇಳಿದೆ. ರಕ್ತ ಒಂದು ಕಡೆ ಹರಿದರೆ, ತೆಳುವಾದ ಪೊರೆಯ ಆಚೆ ಬದಿಯಲ್ಲಿ ಲವಣಗಳನ್ನು ಹದವಾಗಿ ಬೆರೆಸಿದ ಅತಿ ಶುದ್ಧ ನೀರು ಎದುರು ದಿಕ್ಕಿಗೆ ಹರಿಯುತ್ತಿರುತ್ತದೆ, ರಕ್ತದ ಕಲ್ಮಶ ಪೊರೆಯನ್ನು ದಾಟಿ ಆ ನೀರಿಗೆ ಇಳಿಯುತ್ತದೆ ಎಂದು ಪಾಠದ ದನಿಯಲ್ಲಿಯೇ ವಿವರಿಸಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ನಂಗೊಬ್ಬನಿಗೆ ಒಂದು ಕೊತ್ತಂಬರಿ ಪಾತಿ ನೀರು" ಎಂದ. ಫ್ಲೋರೈಡಿನ ನೀರು ಕುಡಿದು ಹಲ್ಲು ಕಂದಿದ ಊರುಗಳ ನಡುವೆ, ಕುಡಿಯುವ ನೀರಿನ ಘಟಕಕ್ಕೆ ಕ್ಯಾನ್ ಹಿಡಿದು ಹೋಗುವ ನಮಗೆ, ಆ 120 ಲೀಟರಿನ ಬೆಲೆಯನ್ನು ಯಾರೂ ತಿಳಿಸಿಕೊಡಬೇಕಾಗಿಲ್ಲ. ಅಂದಿನಿಂದ ಅಪ್ಪ ಡಯಾಲಿಸಿಸ್ ತಪ್ಪಿಸುವ ಮಾತಾಡಲಿಲ್ಲ. ತನಗಾಗಿ ಇಷ್ಟು ನೀರು ಖರ್ಚಾಗುತ್ತಿದೆ ಎಂಬ ಸಂಗತಿ ಅವನ ಮೇಲೆ ನಮ್ಮ ಯಾವ ಬುದ್ಧಿಮಾತೂ ಮಾಡದ ಕೆಲಸವನ್ನು ಮಾಡಿತು.

ಪಕ್ಕದ ಹಾಸಿಗೆಯಲ್ಲಿ ಕೆ.ಜಿ.ಎಫ್. ಕಡೆಯ ಹಿರಿಯರೊಬ್ಬರು ಇದ್ದರು. ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು; 2001ರ ಫೆಬ್ರವರಿ 28ರಂದು ಗಣಿಗಳಿಗೆ ಬೀಗ ಬಿದ್ದ ಮೇಲೆ ಏನೇನೋ ಕೆಲಸ ಮಾಡಿ, ಈಗ ಕೋಲಾರದ ಮಗಳ ಮನೆಯಲ್ಲಿದ್ದಾರೆ. ಅಪ್ಪ ಮಾತಿಗೆ ಮಾತು ಬಂದು ತನ್ನ 1,260 ಅಡಿಯ ಕಥೆ ಹೇಳಿದ. ಅವರು ಎಲ್ಲವನ್ನೂ ಕೇಳಿ, ತಮ್ಮ ಗಣಿಯ ಆಳ ಮೂರು ಕಿಲೋಮೀಟರಿಗಿಂತ ಹೆಚ್ಚು, ಅಂದರೆ ಹತ್ತು ಸಾವಿರ ಅಡಿಗೂ ಮೇಲೆ ಎಂದು ಮೆಲ್ಲಗೆ ಹೇಳಿದರು. "ನೀವು ಪೈಪು ಇಳಿಸಿದಿರಿ ಗೌಡ್ರೆ, ನಾನು ನಾನೇ ಇಳಿದೆ" ಎಂದು ತಮಿಳು ಬೆರೆತ ಕನ್ನಡದಲ್ಲಿ ಸೇರಿಸಿದರು. ಅಪ್ಪ ಸೋಲೊಪ್ಪಿಕೊಳ್ಳುವವನಲ್ಲ, ನೀರಿಗೋಸ್ಕರ ಇಳಿದದ್ದೂ ಚಿನ್ನಕ್ಕೋಸ್ಕರ ಇಳಿದದ್ದೂ ಒಂದೇ ಆಗುವುದಿಲ್ಲ ಎಂದು ವಾದಿಸಿದ. ಅಂದಿನಿಂದ ವಾರಕ್ಕೆ ಮೂರು ದಿನ ಈ ವಿವಾದ ಮುಂದುವರಿಯಿತು. ಕೆಳಗೆ ಬಂಡೆಯೇ ಸುಡುತ್ತಿತ್ತು, ಮೇಲೆ ಬಂದ ಕೂಡಲೇ ನಲ್ಲಿಗೆ ಬಾಯಿ ಹಚ್ಚಿ ಎಮ್ಮೆಯ ಹಾಗೆ ಕುಡಿಯುತ್ತಿದ್ದೆವು ಎಂದು ಅವರು ಹೇಳುವಾಗ ಇಬ್ಬರೂ ಸ್ವಲ್ಪ ಹೊತ್ತು ಮಾತು ನಿಲ್ಲಿಸುತ್ತಿದ್ದರು. ಯಂತ್ರ ಕೂಗಿದರೆ ಮತ್ತೆ ಶುರು. ಭಾನುವಾರ ರಾತ್ರಿಯೇ ಅಪ್ಪ ಮರುದಿನದ ವಾದಕ್ಕೆ ಮಾತು ಹೊಂದಿಸಿಕೊಳ್ಳುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ನಾಳೆ ಸೂಜಿ ಎಂಬುದರ ಪಕ್ಕದಲ್ಲಿ ನಾಳೆ ಉತ್ತರ ಕೊಡಬೇಕು ಎಂಬುದೂ ಬಂದು ಕೂತಿತ್ತು.

ಒಂದು ಬುಧವಾರ ಆ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ಅಂಥ ಕೋಣೆಯಲ್ಲಿ ಹಾಸಿಗೆ ಬದಲಾದರೆ ಯಾರೂ ಏಕೆಂದು ಕೇಳುವುದಿಲ್ಲ. ಅಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬಂದು ಊಟ ಮಾಡದೆ ಮಲಗಿದ. ಅವನ ಚೊಂಬಿನಲ್ಲಿ ಅಂದು ಮುಕ್ಕಾಲು ಭಾಗ ನೀರು ಹಾಗೆಯೇ ಉಳಿಯಿತು. ಶುಕ್ರವಾರ ಡಯಾಲಿಸಿಸ್ ಮುಗಿಸಿ ಹೊರಗೆ ಬರುವಾಗ ಬಾಗಿಲ ಬಳಿಯ ಬೆಂಚಿನ ಮೇಲೆ ಅವರೇ ಕೂತಿದ್ದರು. ಮಗಳ ಕೆಲಸದ ಹೊತ್ತು ಬದಲಾದದ್ದರಿಂದ ಮಧ್ಯಾಹ್ನದ ಪಾಳಿಗೆ ಹಾಕಿಸಿಕೊಂಡಿದ್ದರಂತೆ. ಅಪ್ಪ ಅವರನ್ನು ನೋಡಿ ಆಡಿದ ಮೊದಲ ಮಾತು, "ಹೇಳಿ ಹೋಗೋದು ಅನ್ನೋದು ಕಲ್ತಿಲ್ವೇನ್ರೀ?" ಎಂಬುದು. ಆ ಸಿಟ್ಟು ನನ್ನ ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಬಸ್ ನಿಲ್ದಾಣದವರೆಗೂ ನಾನು ಅದನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಕೇಳಿಸಿಕೊಂಡೆ. ಈಗ ಒಬ್ಬರ ಪಾಳಿ ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ, ಅದೇ ಬೆಂಚಿನ ಮೇಲೆ ಹತ್ತು ನಿಮಿಷ ವಾದ ನಡೆಯುತ್ತದೆ.

ಅಡುಗೆಯ ಮನೆಯ ಕಥೆ ಬೇರೆ. ಪೊಟ್ಯಾಸಿಯಂ ನೀರಿನಲ್ಲಿ ಕರಗುವುದರಿಂದ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬೆಚ್ಚಗಿನ ನೀರಿನಲ್ಲಿ ನೆನೆಸಿ, ಹೆಚ್ಚು ನೀರಿಟ್ಟು ಬೇಯಿಸಿ, ಆ ನೀರನ್ನು ಚೆಲ್ಲಬೇಕು ಎಂದು ಆಹಾರತಜ್ಞೆ ಹೇಳಿಕೊಟ್ಟರು. ಅಮ್ಮ ಕಣ್ಣರಳಿಸಿ, "ಬಸ್ಸಾರಿಗೆ ಮಾಡೋದೇ ಅದಲ್ವ?" ಎಂದಳು. ನಿಜವೇ. ಸೊಪ್ಪು, ಕಾಳು ಬೇಯಿಸಿ ಬಸಿದು, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ ಮಾಡುವುದು ನಮ್ಮ ಕಡೆಯ ನಿತ್ಯದ ಅಡುಗೆ. ಬಸ್ಸಾರಿನ ಮನೆಯಲ್ಲಿ ಸಾರಿಗೆ ಇರುವ ಮರ್ಯಾದೆ ಪಲ್ಯಕ್ಕಿಲ್ಲ. ಈಗ ಆ ಸಾರು ನಮ್ಮ ಪಾಲಿಗೂ, ಪಲ್ಯ ಅಪ್ಪನ ಪಾಲಿಗೂ ಬಂತು. ಮುದ್ದೆಯ ಗಾತ್ರ ಇಳಿಯಿತು. ದೇಶಕ್ಕೇ ಟೊಮೆಟೊ ಕಳಿಸುವ ಮಾರುಕಟ್ಟೆಯ ಊರಿನವನಿಗೆ, 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದನ್ನೂ, ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ಅದೇ ಹಣ್ಣನ್ನು ರಸ್ತೆಗೆ ಸುರಿದದ್ದನ್ನೂ ಕಂಡವನಿಗೆ, ಟೊಮೆಟೊ ಕೂಡ ಲೆಕ್ಕದ ಪದಾರ್ಥವಾಯಿತು. ಉಪ್ಪು ಕಡಿಮೆ ಮಾಡಿದರೆ ಬಾಯಾರಿಕೆಯೂ ಕಡಿಮೆಯಾಗುತ್ತದೆ ಎಂಬುದು ತಿಂಗಳೊಳಗೆ ಅನುಭವಕ್ಕೆ ಬಂತು. ಫ್ರಿಜ್ಜಿನಲ್ಲಿ ಅಳತೆ ಮಾಡಿಟ್ಟ ಐಸ್ ಗಡ್ಡೆಗಳಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡರೆ ಒಂದು ಗುಟುಕು ನೀರು ಹತ್ತು ನಿಮಿಷ ಬರುತ್ತದೆ. ಮಧ್ಯಾಹ್ನ ಮೂರಕ್ಕೆ ಒಂದು, ರಾತ್ರಿ ಹತ್ತಕ್ಕೆ ಒಂದು. ಮೂರು ಗಂಟೆಯ ಆ ಐಸ್ ಗಡ್ಡೆಯನ್ನು ಕಾಯುವುದರಲ್ಲಿ ಅಪ್ಪನಿಗಿದ್ದ ಗಾಂಭೀರ್ಯವನ್ನು ನಾನು ಬೇರೆ ಯಾವ ಹಬ್ಬದಲ್ಲಿಯೂ ನೋಡಿಲ್ಲ.

ಎಡಗೈಯ ಮಣಿಕಟ್ಟಿನ ಮೇಲೆ ಶಸ್ತ್ರಚಿಕಿತ್ಸೆಯಾದದ್ದು ಕಳೆದ ವರ್ಷದ ನವೆಂಬರಿನಲ್ಲಿ. ಅಪಧಮನಿಯೊಂದನ್ನು ಅಭಿಧಮನಿಗೆ ಜೋಡಿಸಿ ಫಿಸ್ಟುಲಾ ಮಾಡುತ್ತಾರೆ; ಅಪಧಮನಿಯ ರಭಸದ ರಕ್ತ ನುಗ್ಗಿ ನುಗ್ಗಿ ಆ ಅಭಿಧಮನಿ ದಪ್ಪವಾಗಿ, ಡಯಾಲಿಸಿಸ್ಸಿನ ದಪ್ಪ ಸೂಜಿಯನ್ನು ತಾಳಿಕೊಳ್ಳುವಂತಾಗಲು ಕೆಲವು ವಾರಗಳಿಂದ ತಿಂಗಳುಗಳೇ ಬೇಕಾಗುತ್ತವೆ. ಅಲ್ಲಿಯವರೆಗೆ ಕತ್ತಿನಲ್ಲಿ ಕೂರಿಸಿದ ಕೊಳವೆಯೇ ಗತಿ, ಆ ಕೊಳವೆ ಇರುವಷ್ಟು ದಿನ ತಲೆಯ ಮೇಲೆ ನೀರು ಹಾಕಿಕೊಂಡು ಸ್ನಾನ ಮಾಡುವಂತಿಲ್ಲ. ಆ ರಕ್ತನಾಳ ಬೇಗ ಬಲಿಯಲೆಂದು ಮೆತ್ತನೆಯ ರಬ್ಬರ್ ಚೆಂಡನ್ನು ಎಡಗೈಯಲ್ಲಿ ಹಿಸುಕುವ ವ್ಯಾಯಾಮ ಹೇಳಿಕೊಟ್ಟರು. ಹಳದಿ ಚೆಂಡೊಂದನ್ನು ತಂದುಕೊಟ್ಟೆ. ಅಪ್ಪ ಎರಡು ದಿನ ಹಿಸುಕಿ, "ಇದೇನು ಎಳೇ ಮಗೂನಾ ನಾನು?" ಎಂದು ಮೊಮ್ಮಗನಿಗೆ ಕೊಟ್ಟುಬಿಟ್ಟ. ಎಷ್ಟು ಹೇಳಿದರೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಇಬ್ಬನಿ ಬಿದ್ದು ಸೊಗಡು ಅವರೆ ಬಂತು. ಅಮ್ಮ ಸುಲಿದ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಪಾತ್ರೆಯನ್ನು ನಡುಮನೆಗೆ ತಂದಿಟ್ಟುಕೊಂಡು ಹಿತಕಲು ಕೂತಳು. ಅಪ್ಪ ಸ್ವಲ್ಪ ಹೊತ್ತು ನೋಡಿ, ತಾನೂ ಒಂದು ಹಿಡಿ ಕಾಳನ್ನು ತಟ್ಟೆಗೆ ಹಾಕಿಕೊಂಡ. ಹಿತಕುವ ಕೆಲಸವನ್ನು ಮಾಡದವರಿಗೆ ಹೇಳಬೇಕು: ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಕಾಳಿನ ಮೂಗಿನ ಕಡೆಯಿಂದ ಒತ್ತಿದರೆ ತಿಳಿಹಸಿರು ಬೇಳೆ ಪುಳಕ್ಕೆಂದು ಜಾರಿ ಪಾತ್ರೆಗೆ ಬೀಳುತ್ತದೆ, ಪಾರದರ್ಶಕವಾದ ಸಿಪ್ಪೆ ಬೆರಳಿಗೆ ಅಂಟಿಕೊಂಡಿರುತ್ತದೆ. ಒತ್ತಡ ಹೆಚ್ಚಾದರೆ ಬೇಳೆ ಹಾರಿ ಗೋಡೆಗೆ ಬಡಿಯುತ್ತದೆ, ಕಡಿಮೆಯಾದರೆ ಅರ್ಧ ಬಂದು ನಿಲ್ಲುತ್ತದೆ. ಅಪ್ಪ ಮೊದಲು ಬಲಗೈಯಲ್ಲಿ ಶುರುಮಾಡಿದ. ನಾನು ಎದುರು ಕೂತು, ಎಡಗೈಯಲ್ಲಿ ಮಾಡು ನೋಡೋಣ ಎಂದೆ. ನನ್ನ ಉಪಾಯ ಅವನಿಗೆ ಗೊತ್ತಾಯಿತು, ಆದರೂ ಮಾಡಿದ. ಮೊದಲ ದಿನ ನಲವತ್ತು ಕಾಳು. ಸಂಕ್ರಾಂತಿಯ ಹೊತ್ತಿಗೆ ಒಂದು ಪಾವು ಕಾಳನ್ನು ಎಡಗೈಯಲ್ಲಿಯೇ ಮುಗಿಸುತ್ತಿದ್ದ. ಚೆಂಡಿನ ಬದಲು ಇದು ನಡೆದೀತೇ ಎಂದು ಕೇಳಿದಾಗ ವೈದ್ಯರು ನಕ್ಕು, ಭಾರ ಎತ್ತಬಾರದು, ಆ ಕೈಯಲ್ಲಿ ಬಿ.ಪಿ. ನೋಡಿಸಬಾರದು, ರಕ್ತ ತೆಗೆಸಬಾರದು, ಉಳಿದಂತೆ ಚೆಂಡನ್ನೂ ಹಿಸುಕಲಿ, ಕಾಳನ್ನೂ ಹಿತಕಲಿ ಎಂದರು.

ನನಗೆ ಆ ಮುಂಜಾನೆಗಳು ಏಕೆ ಅಷ್ಟು ಬೇಕಾಗುತ್ತಿದ್ದವು ಎಂಬುದು ನಿಧಾನವಾಗಿ ಹೊಳೆಯಿತು. ಈ ಕಾಯಿಲೆಯಲ್ಲಿ ಯಾವುದೂ ಮುಗಿಯುವುದಿಲ್ಲ. ಸೋಮವಾರ ತೆಗೆದ ನೀರು ಬುಧವಾರಕ್ಕೆ ಮತ್ತೆ ತುಂಬಿಕೊಳ್ಳುತ್ತದೆ, ಮಾತ್ರೆಯ ಚೀಟಿಗೆ ಕೊನೆಯ ದಿನಾಂಕವಿರುವುದಿಲ್ಲ, ಗುಣವಾಯಿತು ಎಂದು ಹೇಳುವ ವೈದ್ಯರಿಲ್ಲ. ಅಂಥ ಮನೆಯೊಳಗೆ ಒಂದು ಪಾತ್ರೆ ಕಾಳು ಬರುತ್ತದೆ, ಒಂದು ಗಂಟೆಯಲ್ಲಿ ಮುಗಿಯುತ್ತದೆ, ಬೇಳೆ ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ ಗುಡ್ಡೆಯಾಗಿ ಕಾಣುತ್ತವೆ. ಸಿಪ್ಪೆಯನ್ನು ಹಸುವಿಗೆ ಹಾಕಿ ಕೈ ತೊಳೆದುಕೊಂಡರೆ ಏನೋ ಒಂದು ಪೂರ್ತಿಯಾಯಿತಲ್ಲ ಎನ್ನಿಸುತ್ತದೆ. ಕಾಳುಗಳಲ್ಲಿಯೂ ಪೊಟ್ಯಾಸಿಯಂ ಇರುವುದರಿಂದ ಆ ಬೇಳೆಯಲ್ಲಿ ಅಪ್ಪನ ಪಾಲು ಎರಡು ಚಮಚ ಮಾತ್ರ. ಅವನು ಹಿತಕಿದ್ದು ಹೆಚ್ಚಾಗಿ ನಮಗೇ. ಅದು ಅವನಿಗೆ ಬೇಸರ ತಂದಂತೆ ಕಾಣಲಿಲ್ಲ. ಹೊಲದಲ್ಲಿ ಬೆಳೆದದ್ದನ್ನೂ ಅವನು ಯಾವತ್ತೂ ತಾನೊಬ್ಬನೇ ತಿನ್ನಲೆಂದು ಬೆಳೆದವನಲ್ಲ.

ಫಿಸ್ಟುಲಾದ ಮೇಲೆ ಬೆರಳಿಟ್ಟರೆ ಚರ್ಮದ ಕೆಳಗೆ ಝುಂ ಎಂಬ ಅದುರು ಸಿಗಬೇಕು. ಸಿಗದಿದ್ದರೆ ರಕ್ತ ಹೆಪ್ಪುಗಟ್ಟಿದೆಯೆಂದು ತಿಳಿದು ತಕ್ಷಣ ಆಸ್ಪತ್ರೆಗೆ ಓಡಬೇಕು. ಹೀಗಾಗಿ ದಿನವೂ ಮುಟ್ಟಿ ನೋಡಿಕೊಳ್ಳುವುದು ಕಡ್ಡಾಯ. ಬೋರಿನ ಪೈಪಿನ ಮೇಲೆ ಅಂಗೈ ಇಟ್ಟು ನೀರು ಬರುತ್ತಿದೆಯೋ ಮೋಟರು ಬರಿದೇ ತಿರುಗುತ್ತಿದೆಯೋ ಎಂದು ಹೇಳಬಲ್ಲ ಅಪ್ಪನಿಗೆ ಇದನ್ನು ಕಲಿಸಬೇಕಾಗಲಿಲ್ಲ. ಬೆಳಿಗ್ಗೆ ಎದ್ದು ಕೈ ಮುಟ್ಟಿಕೊಂಡು, ಒಳಗಿನಿಂದಲೇ, "ಮೋಟರ್ ಓಡ್ತಾ ಇದೆ" ಎಂದು ಕೂಗುತ್ತಾನೆ. ನಾನು ಚೊಂಬು ತುಂಬಿಸುವುದು ಆಮೇಲೆ.

ಅಮ್ಮನ ಬಗ್ಗೆ ನಾನು ತಪ್ಪು ತಿಳಿದಿದ್ದೆ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ತಿಂಗಳಿನಲ್ಲಿಯೇ ಅವಳು ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪನ್ನು ನಮ್ಮ ಕಡೆ ಒಂದು ಮೊಟ್ಟೆ ಎಂದೇ ಎಣಿಸುತ್ತಾರೆ) ರೇಷ್ಮೆ ಹುಳ ತಂದು ಸಾಕಣೆಗೆ ಇಳಿದಾಗ, ಈಗ ಇದು ಬೇಕಿತ್ತೇ ಎಂದು ಕಟುವಾಗಿಯೇ ಕೇಳಿದ್ದೆ. ಹಿಪ್ಪುನೇರಳೆ ಸೊಪ್ಪು ತೋಟದಲ್ಲಿ ಒಣಗಿಹೋಗುತ್ತದೆ, ಅದಕ್ಕೆ ಎಂದಳು. ನಮ್ಮ ಕಡೆ ಹುಳ ಪೊರೆ ಬಿಡುವ ಹೊತ್ತನ್ನು ಜ್ವರ ಎನ್ನುತ್ತಾರೆ. ನಾಲ್ಕು ಸಲ ಜ್ವರಕ್ಕೆ ಕೂತು, ನಾಲ್ಕು ಸಲ ಎದ್ದು, ಆಮೇಲೆ ಗೂಡು ಕಟ್ಟುತ್ತದೆ. ನಾಲ್ಕನೆಯ ಜ್ವರ ಎದ್ದ ಹುಳಗಳ ಹಸಿವು ಹೇಳತೀರದು. ಒಂದು ರಾತ್ರಿ ನಿದ್ದೆ ಬಾರದೆ ಅಂಗಳಕ್ಕೆ ಬಂದಾಗ ಮಳೆ ಹಿಡಿದಿದೆ ಎಂದುಕೊಂಡೆ. ಅಂಗೈ ಚಾಚಿದರೆ ಹನಿಯಿಲ್ಲ, ಮೇಲೆ ನಕ್ಷತ್ರಗಳಿವೆ. ಹುಳಮನೆಯ ಬಾಗಿಲು ಅರೆತೆರೆದಿತ್ತು. ಒಳಗೆ ಸಾವಿರಾರು ಹುಳಗಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು, ಥೇಟ್ ಜಿಟಿಜಿಟಿ ಮಳೆ ಹೆಂಚಿನ ಮೇಲೆ ಬಿದ್ದ ಹಾಗೆ. ಅಮ್ಮ ಕತ್ತಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎಷ್ಟು ದಿನದಿಂದ ಹೀಗೆ ಬಂದು ಕೂರುತ್ತಿದ್ದೀಯ ಎಂದು ಕೇಳಿದೆ. "ಮಲಗಿದ್ರೆ ಅವನ ಉಸಿರು ಎಣಿಸ್ತಾ ಇರ್ತೀನಿ, ಇಲ್ಲಿ ಕೂತ್ರೆ ಅದು ಕೇಳ್ಸಲ್ಲ" ಎಂದಳು. ನಾನೂ ಪಕ್ಕದಲ್ಲಿ ಕೂತೆ. ಆ ಬೆಳೆಯ ಗೂಡಿಗೆ ಸಿಕ್ಕ ಹಣ ಫಿಸ್ಟುಲಾದ ಖರ್ಚಿನ ಒಂದು ಪಾಲಿಗೆ ಆಯಿತು ಎಂಬುದೂ ನಿಜ, ಆದರೆ ಅವಳು ಹುಳ ಸಾಕಿದ್ದು ಹಣಕ್ಕೆ ಮಾತ್ರ ಎಂದು ನಾನಿನ್ನು ಹೇಳಲಾರೆ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಂದು ಕೆರೆ ಸಿಗುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಆಗಲೇಬೇಕು ಎಂದು ಜಿಲ್ಲೆಯ ಜನ ಅಂದಿನಿಂದಲೂ ಕೇಳುತ್ತಲೇ ಇದ್ದಾರೆ. ಬೆಳಗಿನ ಬಸ್ಸಿನ ಕಿಟಕಿಯಲ್ಲಿ ತುಂಬಿದ ಕೆರೆ ಕಂಡಾಗ ಅಪ್ಪ ನನ್ನನ್ನು ಮೊಣಕೈಯಿಂದ ತಿವಿದು, "ನೋಡು, ಕೆರೆಗೆ ಎರಡೇ ಸಲ ಸೋಸ್ತಾರೆ. ನನಗಾದ್ರೆ ವಾರಕ್ಕೆ ಮೂರು ಸಲ" ಎಂದ. ಮುಂದಿನ ಸೀಟಿನಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ ನಾನು ನಕ್ಕೆ. ಅದಾದ ಮೇಲೆ ಕೆರೆ ಬಂದಾಗಲೆಲ್ಲ ಅದೇ ಮಾತು, ನನಗೆ ಅದೇ ನಗು. ಹಳೆಯದಾದ ತಮಾಷೆಗೆ ಇಷ್ಟು ಬಾಳಿಕೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೆಟ್ಟ ದಿನಗಳು ಇಲ್ಲವೆಂದಲ್ಲ. ಡಯಾಲಿಸಿಸ್ಸಿನ ಕೊನೆಯ ಗಂಟೆಯಲ್ಲಿ ಮೀನಖಂಡ ಸೆಳೆದು ಅಪ್ಪ ಕಿರುಚಿದ ದಿನಗಳಿವೆ. ಇನ್ನು ಬರುವುದಿಲ್ಲ, ನನ್ನ ಪಾಡಿಗೆ ಬಿಡಿ ಎಂದು ಮಂಚದ ಕಾಲು ಹಿಡಿದು ಕೂತ ಒಂದು ಶುಕ್ರವಾರವಿದೆ. ಮೂರು ಲೋಟ ಮಜ್ಜಿಗೆಯನ್ನು ಕದ್ದು ಕುಡಿದು ರಾತ್ರಿ ಉಸಿರಾಡಲಾಗದೆ ಎದ್ದು ಕೂತ ಬೇಸಿಗೆಯ ಒಂದು ದಿನವೂ ಇದೆ. ಆ ರಾತ್ರಿ ಆಂಬ್ಯುಲೆನ್ಸಿನಲ್ಲಿ ನಾನು ಅವನಿಗೆ ಬೈದದ್ದು ನೆನಪಿದೆ. ಬೈದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮಜ್ಜಿಗೆ ಹೇಗಿತ್ತು ಎಂದು ತಿಂಗಳಾದ ಮೇಲೆ ಕೇಳಿದೆ, "ಅಮೃತ" ಎಂದ.

ಕಳೆದ ಭಾನುವಾರ ಅಮ್ಮ ಸಂತೆಯಿಂದ ಈ ವರ್ಷದ ಮೊದಲ ಅವರೆಕಾಯಿ ತಂದಳು. ಅಪ್ಪ ಒಂದು ಕಾಯಿಯನ್ನು ಮೂಸಿ, ಇನ್ನೂ ಇಬ್ಬನಿ ಬಿದ್ದಿಲ್ಲ, ಸೊಗಡೇ ಇಲ್ಲ ಎಂದು ತೆಗೆದಿಟ್ಟ. ಆದರೂ ಸಂಜೆಯವರೆಗೆ ಕೂತು ಎಲ್ಲವನ್ನೂ ಸುಲಿದ. ರಾತ್ರಿ ಹತ್ತರ ಐಸ್ ಗಡ್ಡೆ ಮುಗಿದ ಮೇಲೆ ಚೊಂಬಿನಲ್ಲಿ ಇನ್ನೂ ಅರ್ಧ ಲೋಟ ನೀರಿತ್ತು. ನಾನು ಅದನ್ನು ಎತ್ತಿಕೊಂಡು ಹೋಗಿ, ಬೇಕೇನಪ್ಪಾ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಚೊಂಬನ್ನೇ ನೋಡಿ, "ಕಾಳು ನೆನೆಸೋಕೆ ಹಾಕು" ಎಂದ. ಅಷ್ಟು ನೀರಿನಲ್ಲಿ ಏನು ನೆನೆಯುತ್ತದೆ ಎಂದು ಅಮ್ಮ ಗೊಣಗಿದಳು. ಆದರೂ ಮೊದಲು ಅದನ್ನೇ ಕಾಳಿನ ಮೇಲೆ ಸುರಿದು, ಆಮೇಲೆ ಕೊಡದಿಂದ ಎರಡು ಚೊಂಬು ಹಾಕಿ ಮುಚ್ಚಿಟ್ಟಳು.